ಅಂಕಣಕ್ಕೊಂದು ರೊಕ್ಕ

ಉತ್ತರಿ ಮಳೆ ಮೂರು ದಿನ ಬಿಡದೆ ಹೊಡೆದ ರಾತ್ರಿ ನಮ್ಮ ನಡುಮನೆಯ ತೊಲೆ ಮುರಿಯಿತು. ಸದ್ದು ದೊಡ್ಡದೇನಲ್ಲ, ಒಣ ಜಾಲಿ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ. ಎಲ್ಲರೂ ಪಡಸಾಲೆಯಲ್ಲಿ ಮಲಗಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ನೋಡಿದರೆ ತೊಲೆ ನಡುವೆ ಸೀಳಿ ಒಂದು ಗೇಣು ಕೆಳಗೆ ಜೋತಿತ್ತು. ಸೀಳಿನೊಳಗೆ ಗೆದ್ದಲು ಕಟ್ಟಿದ ಮಣ್ಣಿನ ಸಣ್ಣ ಸಣ್ಣ ದಾರಿಗಳು. ಜಂತಿಗಳ ಸಂದಿಯಿಂದ ಸವಳು ಮಣ್ಣು ನೀರಿನ ಜೊತೆ ಇಳಿದು ಅವ್ವನ ಒಲೆಯ ಮುಂದೆ ಗುಪ್ಪೆ ಬಿದ್ದಿತ್ತು.

ನಮ್ಮದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಒಂದು ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿಯ ಹಳ್ಳಿ. ಮಣ್ಣಿನ ಮೇಲ್ಮುದ್ದೆಯ ಮನೆ, ಅಜ್ಜ ಕಟ್ಟಿಸಿದ್ದು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಸಾಲದ ಪುಸ್ತಕಗಳ ನಡುವೆಯೇ ದಿನ ಕಳೆಯುವ ನನಗೂ ನನ್ನ ಮನೆಯ ಮಾತು ಬಂದಾಗ ತಲೆ ಓಡಲಿಲ್ಲ. ಮೊದಲು ಬಂದು ನೋಡಿದ ಗುತ್ತಿಗೆದಾರರು ಪೂರ್ತಿ ಕೆಡವಿ ಸ್ಲ್ಯಾಬ್ ಹಾಕಿಸಿ ಅಂದರು. 11 ಲಕ್ಷ ಅಂದಾಜು. ಆ ಅಂಕಿ ಕೇಳಿ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ಊರಿನಲ್ಲಿ ಮನೆ ಕಟ್ಟುವ ಹಿರಿಯ ಗೌಂಡಿ ಕಾಕಾ ಬಂದರು. ಕೈಯಲ್ಲೊಂದು ಹಗ್ಗ, ಒಂದು ಉಳಿ. ಪ್ರತಿ ತೊಲೆಗೂ ಉಳಿಯ ತುದಿ ಚುಚ್ಚಿ ನೋಡಿದರು. ಗಟ್ಟಿ ಇದ್ದಲ್ಲಿ ಉಳಿ ನಿಂತಿತು, ಹಣ್ಣಾದಲ್ಲಿ ಬೆಣ್ಣೆಗೆ ಹೋದ ಹಾಗೆ ಹೋಯಿತು. ಅರ್ಧ ತಾಸು ಸುತ್ತಾಡಿ ಕಟ್ಟೆ ಮೇಲೆ ಕೂತು ಹೇಳಿದರು: "ಒಂಬತ್ತು ಅಂಕಣದ ಮನಿ ಐತಿ ತಮ್ಮಾ. ಮೂರು ಹೋಗ್ಯಾವ, ಎರಡು ಹಣ್ಣಾಗ್ಯಾವ, ನಾಕು ಇನ್ನೂ ನಿನ್ನ ಮಗನ ಮದವಿ ನೋಡ್ತಾವ. ಇಡೀ ಮನಿಗೆ ಯಾಕ ರೊಕ್ಕ ಹುಡುಕ್ತೀ? ಅಂಕಣಕ್ಕ ಹುಡುಕು."

ದೊಡ್ಡ ದುರಸ್ತಿಗೆ ಹಣ ಹೊಂದಿಸುವ ವಿದ್ಯೆಯ ಮುಕ್ಕಾಲು ಪಾಲು ಆ ಮಾತಿನಲ್ಲಿದೆ. ಈಗ ಮನೆಯಲ್ಲಿ ಬಿರುಕು ನೋಡುತ್ತ ಕೂತಿರುವವರಿಗೆ ಉಪಯೋಗವಾಗಲಿ ಎಂದು ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಅಂಕಣ ಅಂದರೆ ಕಂಬಗಳ ಸಾಲುಗಳ ನಡುವಿನ ಜಾಗ. ನಮ್ಮ ಹಳೆಯ ಮನೆಗಳಲ್ಲಿ ಮಾಳಿಗೆಯ ಭಾರ ಹೊರುವುದು ಕಂಬ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಅದರ ಮೇಲೆ ಸವಳು ಮಣ್ಣು. ಹಾಗಾಗಿ ಪಕ್ಕದ್ದಕ್ಕೆ ಆಧಾರ ಕೊಟ್ಟು ಒಂದು ಅಂಕಣವನ್ನು ಮಾತ್ರ ಬಿಚ್ಚಿ ಕಟ್ಟಲು ಬರುತ್ತದೆ. ಸ್ಲ್ಯಾಬಿನ ಮನೆಗೆ ಈ ಅನುಕೂಲ ಅಷ್ಟಿಲ್ಲ. ಆದರೂ ಅಲ್ಲೂ ಕೆಲಸವನ್ನು ತುಂಡು ಮಾಡಬಹುದು: ಕಬ್ಬಿಣ ಹೊರಗೆ ಕಾಣುವ ಜಾಗ ಮೊದಲು, ನೀರು ಸೋರುವ ಜಾಗ ಆಮೇಲೆ, ಬಣ್ಣ ಕೊನೆಗೆ.

ಮೇಲ್ಮುದ್ದೆಯ ಮನೆಯವರು ಒಂದು ಲೆಕ್ಕ ತಿಳಿದಿರಬೇಕು. ಮಳೆಗಾಲದ ಮುಂಚೆ ಪ್ರತಿ ವರ್ಷ ಒಂದಿಷ್ಟು ಸವಳು ಮಣ್ಣು ಏರಿಸುವುದು ವಾಡಿಕೆ. ಏರಿಸುತ್ತೇವೆಯೇ ಹೊರತು ಇಳಿಸುವುದಿಲ್ಲ. ಅಜ್ಜನ ಕಾಲದಲ್ಲಿ ಅರ್ಧ ಅಡಿ ಇದ್ದದ್ದು ನಮ್ಮ ಕಾಲಕ್ಕೆ ಒಂದು ಅಡಿ ದಾಟಿರುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಅಂಕಣದ ಮೇಲೆ ಒಂದು ಅಡಿ ಮಣ್ಣು ಅಂದರೆ 100 ಘನ ಅಡಿ, ಹತ್ತಿರ ಹತ್ತಿರ 2.8 ಘನ ಮೀಟರ್. ತೂಕ ನಾಲ್ಕೂವರೆ ಟನ್ನಿನಷ್ಟು, ಮಳೆಗೆ ನೆಂದರೆ ಇನ್ನೂ ಹೆಚ್ಚು. ಅಷ್ಟೇ ಜಾಗದ ಮೇಲೆ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಅದರ ತೂಕ ಮೂರು ಟನ್ನಿನ ಆಸುಪಾಸು. ಅಂದರೆ ಮುರಿದ ತೊಲೆ ಹೊತ್ತಿದ್ದು ಸ್ಲ್ಯಾಬಿಗಿಂತ ಭಾರವಾದದ್ದು. ಆದರೆ ಇದನ್ನು ಕೇಳಿ ಮಣ್ಣಿನ ಗಾರೆಯ ಗೋಡೆ ಮೇಲೆ ನೇರ ಸ್ಲ್ಯಾಬ್ ಎಳೆಯಲು ಹೋಗಬೇಡಿ. ಆ ಗೋಡೆಗಳು ಕಂಬದ ನಡುವಿನ ಮರೆ ಮಾತ್ರ, ಭಾರ ಹೊರಲೆಂದು ಕಟ್ಟಿದವಲ್ಲ.

ಹಾಗಾದರೆ ಮೊದಲ ದುರಸ್ತಿ ಯಾವುದು? ಮಣ್ಣು ಇಳಿಸುವುದು. ಅದಕ್ಕೆ ರೊಕ್ಕ ಬೇಡ, ಆಳು ಬೇಕು. ನಮ್ಮಲ್ಲಿ ಮುಯ್ಯಾಳು ಅನ್ನುವ ಪದ್ಧತಿ ಇನ್ನೂ ಸತ್ತಿಲ್ಲ. ನಿನ್ನ ಕೆಲಸಕ್ಕೆ ಇವತ್ತು ನಾನು, ನನ್ನ ಕೆಲಸಕ್ಕೆ ನಾಳೆ ನೀನು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ, ಹೊಲದ ಕೆಲಸಕ್ಕೆ ಬಿಡುವು. ಎರಡು ಸೋಮವಾರ ಹನ್ನೆರಡು ಜನ ಬಂದು ಮೂರು ಅಂಕಣದ ಮಣ್ಣು ಪೂರ್ತಿ, ಉಳಿದವುಗಳ ಮೇಲಿನ ಅರ್ಧ ಅಡಿ ಇಳಿಸಿದರು. ಅವ್ವ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ ಮಾಡಿ ಹಾಕಿದಳು. ಕೂಲಿ ಲೆಕ್ಕ ಹಾಕಿದರೆ ಅದು ಹತ್ತು ಸಾವಿರಕ್ಕೂ ಮೇಲಿನ ಕೆಲಸ. ಮುಯ್ಯಾಳನ್ನು ಸಾಲದ ಹಾಗೇ ಬರೆದಿಡಿ ಅಂತ ನಾನು ಒತ್ತಿ ಹೇಳುತ್ತೇನೆ. ಹನ್ನೆರಡು ಹೆಸರು, ಎರಡೆರಡು ದಿನ. ಅದನ್ನು ತಿರುಗಿ ಕೊಡದವನಿಗೆ ಮುಂದಿನ ಸಲ ಊರಿನಲ್ಲಿ ಒಂದು ಬುಟ್ಟಿ ಹಿಡಿಯುವವರೂ ಸಿಗುವುದಿಲ್ಲ.

ಎರಡನೆಯದು ಸಮಯ. ಇದು ನನಗೆ ತಡವಾಗಿ ಹೊಳೆದದ್ದು. ಗೌಂಡಿ ಕಾಕಾ ಸೆಂಟ್ರಿಂಗಿಗೆ ಬಳಸುವ ಕಬ್ಬಿಣದ ಕಂಬಗಳನ್ನು ಬಾಡಿಗೆಗೆ ತರಿಸಿ ಹಣ್ಣಾದ ತೊಲೆಗಳ ಕೆಳಗೆ ನಿಲ್ಲಿಸಿದರು, ತೆರೆದ ಅಂಕಣಗಳಿಗೆ ಹಳೆಯ ತಗಡು ಹೊದಿಸಿದರು. ಅದಕ್ಕೆ ಆದ ಖರ್ಚು ಕೆಲವು ಸಾವಿರ. ಅದು ನಮಗೆ ಎಂಟು ತಿಂಗಳು ಕೊಂಡುಕೊಟ್ಟಿತು. ಗಡಿಬಿಡಿಯಲ್ಲಿ ಸಿಗುವ ರೊಕ್ಕ ಯಾವಾಗಲೂ ತುಟ್ಟಿ. ಎಂಟು ತಿಂಗಳು ಕಾಯುವ ಸೌಕರ್ಯ ಇದ್ದವನಿಗೆ ಕುರಿ ಬೆಳೆಯುತ್ತದೆ, ಸಂಘದ ಸಾಲ ಮಂಜೂರಾಗುತ್ತದೆ, ಚೀಟಿಯ ಸರದಿ ಬರುತ್ತದೆ, ಮನೆಯ ಕಾಗದ ಸರಿಯಾಗುತ್ತದೆ. ಕಟ್ಟಡದ ಕೆಲಸಕ್ಕೂ ಬೇಸಿಗೆಯೇ ಒಳ್ಳೆಯದು. ಆದರೆ ಈ ಆಧಾರವನ್ನು ಬಲ್ಲವರ ಕೈಯಿಂದಲೇ ಕೊಡಿಸಬೇಕು, ಮತ್ತು ಅದರ ಕೆಳಗೆ ಯಾರೂ ಮಲಗಬಾರದು.

ಮಳೆಗೆ ಮನೆ ಬಿದ್ದಿದ್ದರೆ ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ: ಒಂದು ಕಲ್ಲೂ ಎತ್ತಿಡುವ ಮುಂಚೆ ಫೋಟೋ ತೆಗೆಯಿರಿ. ಒಳಗಿಂದ, ಹೊರಗಿಂದ, ಪಕ್ಕದ ಗೋಡೆ ಕಾಣುವಂತೆ. ಅವತ್ತೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಅರ್ಜಿ ಕೊಡಿ. 2022-23ರಿಂದ 2025-26ರವರೆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ ಇತ್ತು. ಶೇ 15ಕ್ಕೆ ಕಡಿಮೆ ಇಲ್ಲದಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ರಾಜ್ಯ ಸರಕಾರ ಕೆಲವು ವರ್ಷ ತನ್ನ ಕಡೆಯಿಂದ ಸೇರಿಸಿ ಕೊಟ್ಟದ್ದುಂಟು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ನಮಗೆ ಬಂದದ್ದು 4,000. ಅದು ಆ ಕಬ್ಬಿಣದ ಕಂಬಗಳ ಬಾಡಿಗೆಗೆ ಹೋಯಿತು. ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಇವೆಲ್ಲ ಹೊಸದಾಗಿ ಮನೆ ಕಟ್ಟಲು ಇರುವ ಯೋಜನೆಗಳು. ದುರಸ್ತಿಗೆ ಅವುಗಳ ದಾರಿ ಕಾಯುತ್ತ ಎರಡು ಮಳೆಗಾಲ ಕಳೆದವರನ್ನು ನಾನು ಬಲ್ಲೆ.

ಗೌಂಡಿ ಕಾಕಾನ ಕೈಲಿ ಅಂದಾಜು ಬರೆಸಿದಾಗ ಮೊತ್ತ 4.60 ಲಕ್ಷಕ್ಕೆ ಬಂತು. ಅದನ್ನು ಮೂರು ಗುಂಪು ಮಾಡಿದೆವು. ಜೀವಕ್ಕೆ ಕುತ್ತು ತರುವಂಥದ್ದು, ಅಂದರೆ ಮುರಿದ ಮೂರು ಅಂಕಣ ಮತ್ತು ಅಡುಗೆಮನೆಯ ಗೋಡೆ, 2.10 ಲಕ್ಷ. ಹಣ್ಣಾದ ಎರಡು ಅಂಕಣ 1.40 ಲಕ್ಷ. ನೆಲ, ಬಣ್ಣ, ಮುಂದಿನ ಕಟ್ಟೆ 1.10 ಲಕ್ಷ. ಹನ್ನೊಂದು ಲಕ್ಷದ ಬೆಟ್ಟ ಈಗ 2.10 ಲಕ್ಷದ ಗುಡ್ಡವಾಯಿತು. ಗುಡ್ಡವನ್ನು ಹತ್ತಬಹುದು.

ರೊಕ್ಕದಲ್ಲೂ ಮೂರು ಜಾತಿ. ತಿರುಗಿ ಕೊಡಬೇಕಿಲ್ಲದ್ದು, ನಿಧಾನಕ್ಕೆ ಕೊಡುವಂಥದ್ದು, ಬೇಗ ಕೊಡಬೇಕಾದದ್ದು. ಜನ ಸಾಮಾನ್ಯವಾಗಿ ಕೊನೆಯದರಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಮನೆ ಬಾಗಿಲಿಗೇ ಬರುತ್ತದೆ. ನಾವು ತಲೆಕೆಳಗು ಮಾಡಿದೆವು.

ತಿರುಗಿ ಕೊಡಬೇಕಿಲ್ಲದ ರೊಕ್ಕ ಮೊದಲು ಮನೆಯೊಳಗೇ ಇರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಹಿತ್ತಿಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದರ ತೊಲೆಗಳು ಸಾಗವಾನಿ. ಹಳೆಯ ಸಾಮಾನು ಕೊಳ್ಳುವವರು ಬಂದು ಎಲ್ಲ ಸೇರಿ ಗುತ್ತಾ ಹದಿನೈದು ಸಾವಿರ ಅಂದರು. ಅವ್ವ ಕೊಟ್ಟೇಬಿಡೋಣ ಅಂದಳು. ಗೌಂಡಿ ಕಾಕಾ ಟೇಪು ಹಿಡಿದರು. ಒಂದು ತೊಲೆ 12 ಅಡಿ ಉದ್ದ, 9 ಇಂಚು ಅಗಲ, 8 ಇಂಚು ದಪ್ಪ. ಇಂಚನ್ನು ಅಡಿಗೆ ತಿರುಗಿಸಿ ಗುಣಿಸಿದರೆ 6 ಘನ ಅಡಿ. ಗಟ್ಟಿ ಉಳಿದ ನಾಲ್ಕು ತೊಲೆಗೆ 24 ಘನ ಅಡಿ. ಕೊಪ್ಪಳದ ಬಡಗಿಯೊಬ್ಬರು ಬಾಗಿಲ ಚೌಕಟ್ಟಿಗೆಂದು ಘನ ಅಡಿಗೆ 1,600ರಂತೆ ತೆಗೆದುಕೊಂಡರು. 38,400 ರೂಪಾಯಿ. ಹಳೆಯ ಕಟ್ಟಿಗೆಯನ್ನು ಕಣ್ಣಳತೆಯಲ್ಲಿ ಮಾರಬಾರದು, ಘನ ಅಡಿಯಲ್ಲೇ ಮಾರಬೇಕು. ಕೆತ್ತನೆಯ ಬಾಗಿಲಿದ್ದರೆ ಇಬ್ಬರು ಮೂವರ ಬಳಿ ಬೆಲೆ ಕೇಳದೆ ಕೈಬಿಡಬೇಡಿ. ದೇವರ ಕೋಣೆಯ ಬಾಗಿಲು ಮಾತ್ರ ನಾವು ಮಾರಲಿಲ್ಲ. ಅದು ಲೆಕ್ಕಕ್ಕೆ ಸಿಗುವ ವಸ್ತುವಲ್ಲ.

ಆಮೇಲೆ ಕುರಿ. ಮಳೆಗಾಲ ಮುಗಿದ ಕೂಡಲೇ ನಾಲ್ಕು ಮರಿ ಕಟ್ಟಿದೆವು. ಶೇಂಗಾ ಹೊಟ್ಟು, ಕಡಲೆ ಹೊಟ್ಟು, ತೊಗರಿ ನುಚ್ಚು ಮನೆಯದೇ. ಬಕ್ರೀದ್‌ಗೆ ಮುಂಚೆ ಟಗರಿನ ಬೆಲೆ ಏರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕೂ ಸೇರಿ 51,600ಕ್ಕೆ ಹೋದವು. ಕುರಿಯ ಲೆಕ್ಕದಲ್ಲಿ ಒಂದು ಎಚ್ಚರ ಬೇಕು: ಮರಿಯ ಬೆಲೆ, ಮೇವು, ಔಷಧ ಕಳೆದು ಉಳಿದದ್ದಷ್ಟೇ ಗಳಿಕೆ. ಮರಿ ಕೊಳ್ಳಲೂ ಸಾಲ ಮಾಡಬೇಕಾದ ಸ್ಥಿತಿ ಇದ್ದರೆ ಈ ದಾರಿ ಬೇಡ. ಒಂದು ಕಾಯಿಲೆ ಬಂದರೆ ಮಾಳಿಗೆಯೂ ಇಲ್ಲ, ಮರಿಯೂ ಇಲ್ಲ.

ಕುರಿ ಇಲ್ಲದವರ ಮನೆಯಲ್ಲಿ ಕೈಗುಣ ಇರುತ್ತದೆ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆಗೆ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಬಾಯಿ ಬಿಡುತ್ತಾರೆ. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಣ್ಣ ಪ್ರಮಾಣದವರಿಗೆ ಸುಲಭ, ಶುಲ್ಕವೂ ಅತ್ಯಲ್ಪ. ಆದರೆ ಇದರಿಂದ ತಿಂಗಳಿಗೆ ಒಂದಿಷ್ಟು ಬರುತ್ತದೆಯೇ ಹೊರತು ಒಮ್ಮೆಲೇ ಗಂಟು ಬರುವುದಿಲ್ಲ. ಕಂತು ಕಟ್ಟಲು ಇದು ಸರಿ, ತೊಲೆಯ ಬದಲು ಹಾಕುವ ಕಬ್ಬಿಣದ ಗರ್ಡರ್ ಕೊಳ್ಳಲು ಅಲ್ಲ.

ಇನ್ನು ಜನರನ್ನು ಕೇಳುವ ದಾರಿ. ಮೊಬೈಲಿನಲ್ಲಿ ಅಪರಿಚಿತರಿಂದ ಹಣ ಎತ್ತುವ ಜಾಲತಾಣಗಳಿವೆ. ಆಸ್ಪತ್ರೆಯ ಖರ್ಚಿಗೆ ಅಲ್ಲಿ ಜನ ಕೊಡುತ್ತಾರೆ. ಮನೆ ದುರಸ್ತಿಗೆ ಗುರುತಿಲ್ಲದವರು ಕೈ ಬಿಚ್ಚುವುದು ಅಪರೂಪ. ಕೊಡುವವರು ಯಾರೆಂದರೆ ಆ ಮನೆಯ ಪಡಸಾಲೆಯಲ್ಲಿ ಕೂತು ಉಂಡವರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಹಾದಾಸೋಹ ನಡೆಯುವುದನ್ನು ನೋಡಿದ್ದೀರಲ್ಲ? ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ. ಯಾರ ಮನೆಗೂ ಸಾವಿರ ರೊಟ್ಟಿ ಬಡಿಯಿರಿ ಅಂತ ಹೇಳುವುದಿಲ್ಲ. ನಿಮ್ಮ ಮನೆಯಿಂದ ಆದಷ್ಟು ಅಂತಾರೆ, ಲಕ್ಷ ಲಕ್ಷ ಸೇರುತ್ತವೆ. ಕೇಳುವ ರೀತಿಯೇ ಅಲ್ಲಿನ ಗುಟ್ಟು.

ನಾನು ನನ್ನ ಎಸ್ಸೆಸ್ಸೆಲ್ಸಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಣ ಕೇಳಿ ಬರೆಯಲು ಎರಡು ವಾರ ಒದ್ದಾಡಿದೆ. ಕೊನೆಗೆ ಹಣದ ಬದಲು ಒಂದು ಪಟ್ಟಿ ಹಾಕಿದೆ. ಸಿಮೆಂಟ್ ಇಷ್ಟು ಚೀಲ, ತಗಡು ಇಷ್ಟು, ಬಾಗಿಲ ಕೀಲು, ವೈರು, ಸ್ವಿಚ್ಚು, ಒಂದೊಂದರ ಮುಂದೆ ಬೆಲೆ. ಕೆಳಗೆ ಬರೆದದ್ದು: "ಮನೆ ಮುರಿದೈತಿ. ಯಾರಿಗೆ ಯಾವುದು ಆಗ್ತದ ಅದು ಹೇಳ್ರಿ. ಆಗದಿದ್ರ ಬ್ಯಾಸರ ಇಲ್ಲ." ಮದುವೆಗೆ ಆಯಾರ ಮಾಡುವುದು ನಮ್ಮ ಜನಕ್ಕೆ ರೂಢಿ. ವಸ್ತುವಿನ ಹೆಸರು ಹೇಳಿದರೆ ಅವರಿಗೂ ಮುಜುಗರ ಇಲ್ಲ, ನಮಗೂ ಇಲ್ಲ. ಗೋವಾದಲ್ಲಿ ಕೆಲಸಕ್ಕಿರುವ ಒಬ್ಬ ಪೂರ್ತಿ ವೈರಿಂಗ್ ಸಾಮಾನು ಕಳಿಸಿದ. ಮೂವರು ಸೇರಿ ಸಿಮೆಂಟ್. ಈ ಸಾಮಾನು ಗೌಂಡಿ ಕಾಕಾನ 2.10 ಲಕ್ಷದ ಲೆಕ್ಕದ ಹೊರಗಿನದು, ಅಂದಾಜು ಮೀರಿದ ಖರ್ಚನ್ನು ಇದೇ ನುಂಗಿತು. ಅಂದಾಜು ಮೀರದ ಕಟ್ಟಡ ಕೆಲಸವನ್ನು ನಾನು ಈವರೆಗೆ ನೋಡಿಲ್ಲ. ಬಂದ ಪ್ರತಿ ವಸ್ತು ಗೋಡೆಗೆ ಸೇರಿದ ದಿನ ಫೋಟೋ ತೆಗೆದು ಗುಂಪಿಗೆ ಹಾಕಿದೆ, ಅವ್ವನ ಮುಯ್ಯಿ ಪುಸ್ತಕದಲ್ಲಿ ಹೆಸರು ಬರೆದೆ. ಆದಾಯ ತೆರಿಗೆಯ ಒಂದು ನಿಯಮವೂ ನೆನಪಿರಲಿ: ಕಾನೂನು ಹೇಳುವ ಹತ್ತಿರದ ಸಂಬಂಧಿಕರು ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಬೇರೆಯವರು ಕೊಟ್ಟ ಹಣ ಒಂದು ವರ್ಷದಲ್ಲಿ 50,000 ದಾಟಿದರೆ ಅದು ಆದಾಯದ ಲೆಕ್ಕಕ್ಕೆ ಬರುತ್ತದೆ.

ಒಬ್ಬ ಗೆಳೆಯ ಟಿಕೆಟ್ ಮಾರಿ ಟಗರು ಬಹುಮಾನ ಇಡೋಣ, ಲಕ್ಕಿ ಡ್ರಾ ಮಾಡೋಣ ಅಂದ. ಮನಸ್ಸು ಒಳ್ಳೆಯದೇ. ಆದರೆ ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಬಹುಮಾನ ಚೀಟಿ, ಹಣದ ಸರಪಳಿ ಸ್ಕೀಮುಗಳನ್ನು 1978ರ ಕೇಂದ್ರ ಕಾಯ್ದೆಯೇ ತಡೆಯುತ್ತದೆ. ಮಾಳಿಗೆ ಕಟ್ಟಲು ಹೋಗಿ ಠಾಣೆ ಮೆಟ್ಟಿಲು ಹತ್ತುವುದು ಬೇಡ.

ನಿಧಾನಕ್ಕೆ ತಿರುಗಿಸುವ ರೊಕ್ಕದಲ್ಲಿ ನನ್ನ ಮೊದಲ ಮತ ಅವ್ವನ ಸ್ವಸಹಾಯ ಸಂಘಕ್ಕೆ. ಹತ್ತರಿಂದ ಇಪ್ಪತ್ತು ಹೆಂಗಸರು, ವಾರದ ಉಳಿತಾಯ, ಆ ಉಳಿತಾಯದಿಂದ ಒಳಸಾಲ. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಶುರು ಮಾಡಿದ ಬ್ಯಾಂಕ್ ಜೋಡಣೆಯಿಂದ ಈ ಸಂಘಗಳಿಗೆ ಬ್ಯಾಂಕ್ ಸಾಲವೂ ಬರುತ್ತದೆ, 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಒಳಸಾಲಕ್ಕೆ ಸಂಘ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಾಕಿದರೂ ಆ ಬಡ್ಡಿ ಹೊರಗೆ ಹೋಗುವುದಿಲ್ಲ, ಸಂಘದ ಗಂಟಿಗೇ ಸೇರುತ್ತದೆ, ಅದರಲ್ಲಿ ಅವ್ವನದೂ ಪಾಲಿದೆ. ಅವ್ವ 60,000 ತೆಗೆದಳು. ಸಂಘದಲ್ಲಿ ಹಿಂದಿನ ಸಾಲಗಳನ್ನು ತಾರೀಖು ತಪ್ಪದೆ ಕಟ್ಟಿದ್ದಳು ಎಂಬುದೊಂದೇ ಅವಳ ಅಡಮಾನ.

ಚೀಟಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗೃಹಲಕ್ಷ್ಮಿಯ 2,000 ರೂಪಾಯಿ ನಂಬಿ ಇಪ್ಪತ್ತು ಹೆಂಗಸರು ಚೀಟಿ ಹಾಕಿದರು ಅಂದುಕೊಳ್ಳಿ. ತಿಂಗಳಿಗೆ 40,000 ಕೂಡುತ್ತದೆ, ಇಪ್ಪತ್ತು ತಿಂಗಳ ಚೀಟಿ. ಮೂರನೆಯ ತಿಂಗಳು ಒಬ್ಬಳಿಗೆ ತುರ್ತು, 8,000 ಬಿಟ್ಟುಕೊಟ್ಟು ಎತ್ತುತ್ತಾಳೆ. ಅವಳ ಕೈಗೆ 32,000. ಬಿಟ್ಟ 8,000ದಲ್ಲಿ ನಡೆಸುವವರ ಕಮಿಷನ್ ಶೇ 5ರಂತೆ 2,000 ಹೋದರೆ ಉಳಿದ 6,000 ಇಪ್ಪತ್ತು ಪಾಲು, ತಲೆಗೆ 300. ಅಂದರೆ ಆ ತಿಂಗಳು ಎಲ್ಲರೂ ಕಟ್ಟುವುದು 1,700. ಮೊದಮೊದಲು ಎತ್ತುವವರು ಸಾಲಗಾರರು, ಕೊನೆಗೆ ಎತ್ತುವವರು ಉಳಿತಾಯದವರು, ನಡುವಿನವರಿಗೆ ಎರಡೂ ಸಮ. ಹಾಗಾಗಿ ಇವತ್ತು ಮುರಿದ ತೊಲೆಗೆ ಚೀಟಿ ಮದ್ದಲ್ಲ. ಮುಂದಿನ ವರ್ಷದ ಎರಡು ಅಂಕಣಕ್ಕೆ ಇವತ್ತೇ ಚೀಟಿ ಸೇರಿ, ಹತ್ತು ಹನ್ನೊಂದನೆಯ ತಿಂಗಳು ಎತ್ತುವುದು ಜಾಣತನ.

ಚೀಟಿಗೆ ಕಾನೂನಿದೆ, 1982ರದು. 2019ರ ತಿದ್ದುಪಡಿಯಲ್ಲಿ ಕಮಿಷನ್ ಮಿತಿ ಶೇ 5ರಿಂದ 7ಕ್ಕೆ ಏರಿತು. ನೋಂದಣಿ ಆಗಿರುವ ಚೀಟಿಗಳು, ಸರಕಾರಿ ಒಡೆತನದ ಎಂಎಸ್‌ಐಎಲ್ ನಡೆಸುವ ಚೀಟಿಗಳು ಇವೆ. ಓಣಿಯಲ್ಲಿ ನಡೆಯುವ ಹೆಚ್ಚಿನವಕ್ಕೆ ನೋಂದಣಿ ಇಲ್ಲ, ನಡೆಸುವವರು ಊರು ಬಿಟ್ಟರೆ ಕಾಗದದ ಆಸರೆಯೂ ಇಲ್ಲ. ಗೃಹಲಕ್ಷ್ಮಿಯ ಹಣ ಕೆಲವೊಮ್ಮೆ ತಿಂಗಳು ತಪ್ಪಿ ಬರುತ್ತದೆ, ಚೀಟಿಯ ಕಂತು ಮಾತ್ರ ತಿಂಗಳು ತಪ್ಪುವಂತಿಲ್ಲ. ಅದಕ್ಕೇ ಮೊದಲೇ ಎರಡು ಕಂತಿನಷ್ಟು ಕೈಯಲ್ಲಿಟ್ಟುಕೊಂಡು ಸೇರಬೇಕು.

ಬ್ಯಾಂಕಿನ ಮನೆ ದುರಸ್ತಿ ಸಾಲ ಬಡ್ಡಿಯ ಲೆಕ್ಕದಲ್ಲಿ ಒಳ್ಳೆಯದು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಸೇರಿದಂತೆ ಯಾವ ಬ್ಯಾಂಕಿಗೆ ಹೋದರೂ ಮೊದಲು ಕೇಳುವುದು ಮನೆಯ ಕಾಗದ: ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11. ನಮ್ಮ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು! ನಾಡಕಚೇರಿಯಿಂದ ವಂಶವೃಕ್ಷ, ಪಂಚಾಯಿತಿಯಲ್ಲಿ ವಾರಸಾ ಅರ್ಜಿ, ಚಿಕ್ಕಪ್ಪಂದಿರ ಒಪ್ಪಿಗೆ ಸಹಿ. ಹಳೆಯ ಮನೆಗಳ ಕಥೆ ಬಹುತೇಕ ಹೀಗೇ ಇರುತ್ತದೆ. ಅಗ್ಗದ ಸಾಲ ಕಾಗದ ಸರಿ ಇದ್ದವನಿಗೇ ಸಿಗುವುದರಿಂದ, ತೊಲೆ ಗಟ್ಟಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಗಣಿಯಂಥ ಕಡೆ ದುಡಿಯುವವರು ಪಿಎಫ್‌ನಿಂದ ಮನೆ ದುರಸ್ತಿಗೆ ಮುಂಗಡ ತೆಗೆಯಬಹುದು. ಅದು ನಮ್ಮದೇ ಹಣ, ಮುಪ್ಪಿನ ಹಣ ಎಂಬುದನ್ನು ಮರೆಯದೆ ತೆಗೆಯಬೇಕು.

ಪೇಟೆಯಲ್ಲಿ ಮನೆ ಇದ್ದವರಿಗೆ ಭೋಗ್ಯ ಒಂದು ದಾರಿ. ರಾಯಚೂರು, ಬಳ್ಳಾರಿಯಲ್ಲಿ ಲೀಸ್ ಅಂತಾರೆ. ಮನೆಯ ಒಂದು ಭಾಗವನ್ನು ಎರಡು ಮೂರು ವರ್ಷಕ್ಕೆ ಬಿಟ್ಟುಕೊಟ್ಟು ಒಮ್ಮೆಲೇ ದೊಡ್ಡ ಮೊತ್ತ ತೆಗೆದುಕೊಳ್ಳುವುದು, ಬಾಡಿಗೆ ಇಲ್ಲ, ಅವಧಿ ಮುಗಿದಾಗ ಅಸಲು ವಾಪಸ್. ಬಡ್ಡಿ ಕಟ್ಟುವ ಬದಲು ಬಾಡಿಗೆ ಬಿಟ್ಟ ಹಾಗೆ. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು. ಇದರ ಮುಳ್ಳು ಕೊನೆಯ ದಿನದಲ್ಲಿದೆ. ಮೂರು ವರ್ಷ ಏನೂ ಕಟ್ಟದೆ ಅಭ್ಯಾಸವಾದವನಿಗೆ ಒಮ್ಮೆಲೇ ಮೂರು ಲಕ್ಷ ಎಲ್ಲಿಂದ ಬರಬೇಕು? ಭೋಗ್ಯದ ಹಣ ಮುಟ್ಟಿದ ತಿಂಗಳಿಂದಲೇ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಶುರು ಮಾಡಿದವರಿಗೆ ಮಾತ್ರ ಇದನ್ನು ನಾನು ಹೇಳುತ್ತೇನೆ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ ಹಾಕಿ ಮುಂಗಡ ತೆಗೆಯುವವರೂ ಉಂಟು. ಭೂ ಸುಧಾರಣೆ ಕಾಯ್ದೆ ಇದನ್ನು ಒಪ್ಪುವುದಿಲ್ಲ, ಎಲ್ಲವೂ ಬಾಯಿಮಾತಿನ ವ್ಯವಹಾರ. ನನಗೆ ಇದು ಸರಿ ಕಾಣುವುದಿಲ್ಲ.

ಬೇಗ ಕೊಡಬೇಕಾದ ರೊಕ್ಕದಲ್ಲಿ ಬಂಗಾರದ ಸಾಲವೇ ವಾಸಿ. ಅವ್ವನ ಬೋರಮಾಳ ಸರ ಇಟ್ಟು 60,000 ತಂದೆವು. ಆ ಸರಕ್ಕೆ ಅದಕ್ಕಿಂತ ಬಹಳ ಹೆಚ್ಚು ಸಿಗುತ್ತಿತ್ತು, ಬೇಕಾದಷ್ಟೇ ತೆಗೆದೆವು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ 2026ರ ಏಪ್ರಿಲ್ 1ರಿಂದ 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85ರವರೆಗೆ, 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಮಿತಿ. ಅಸಲು ಬಡ್ಡಿ ಎರಡನ್ನೂ ಕೊನೆಗೆ ಒಮ್ಮೆಲೇ ಕಟ್ಟುವ ಸಾಲವಾದರೆ ಆ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು, ಅವಧಿ 12 ತಿಂಗಳು ಮೀರುವಂತಿಲ್ಲ. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳಲ್ಲಿ ಒಡವೆ ಕೊಡದೆ ಸಾಲ ಕೊಟ್ಟವರೇ ತಡ ಮಾಡಿದರೆ ದಿನಕ್ಕೆ 5,000 ಪರಿಹಾರ. ಇಷ್ಟೆಲ್ಲ ಸಿಗುತ್ತದೆಂದು ಪೂರ್ತಿ ತೆಗೆಯುವುದು ಸರಿಯಲ್ಲ. ಅರ್ಧ ತೆಗೆದವರು ಬಿಡಿಸಿಕೊಳ್ಳುತ್ತಾರೆ, ತುದಿಯವರೆಗೆ ತೆಗೆದವರ ಒಡವೆ ಹರಾಜಿಗೆ ಹೋಗುತ್ತದೆ.

38,400, 51,600, ಸಂಘದ 60,000, ಬಂಗಾರದ 60,000. ಕೂಡಿದರೆ 2.10 ಲಕ್ಷ.

ಬೇಡವಾದ ರೊಕ್ಕದ ಬಗ್ಗೆಯೂ ಹೇಳಲೇಬೇಕು. ತೊಲೆ ಮುರಿದ ವಾರದಲ್ಲೇ ಒಂದು ಹಣಕಾಸು ಸಂಸ್ಥೆಯ ಹುಡುಗ ಬಂದಿದ್ದ. ವರ್ಷಕ್ಕೆ ಶೇ 12, ಎರಡು ವರ್ಷ, ಲಕ್ಷಕ್ಕೆ ತಿಂಗಳ ಕಂತು 5,167. ಕೇಳಲು ಚೆಂದ. ಆದರೆ ಅವರು ಬಡ್ಡಿ ಹಾಕಿದ್ದು ಮೊದಲ ದಿನದ ಪೂರ್ತಿ ಲಕ್ಷದ ಮೇಲೆ, ಎರಡು ವರ್ಷಕ್ಕೂ. ನಾವು ತಿಂಗಳು ತಿಂಗಳು ಅಸಲು ತೀರಿಸುತ್ತ ಹೋಗುತ್ತೇವಲ್ಲ? ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಕಂತು ಶೇ 21ರ ಮೇಲೆ ಬರುತ್ತದೆ. ಯಾರೇ ಸಾಲ ಕೊಡಲು ಬಂದರೂ ಒಂದೇ ಪ್ರಶ್ನೆ ಕೇಳಿ: ಬಡ್ಡಿ ಇಳಿಯುವ ಅಸಲಿನ ಮೇಲೋ, ಪೂರ್ತಿ ಅಸಲಿನ ಮೇಲೋ? ಕೈಸಾಲದವರು ಹೇಳುವ ನೂರಕ್ಕೆ ಮೂರು ರೂಪಾಯಿ ಅಂದರೆ ವರ್ಷಕ್ಕೆ ಶೇ 36. ಪರವಾನಗಿ ಇಲ್ಲದೆ ಸಾಲ ಕೊಟ್ಟು ಮನೆ ಮುಂದೆ ಬಂದು ಕಿರುಕುಳ ಕೊಡುವವರ ವಿರುದ್ಧ 2025ರಲ್ಲಿ ರಾಜ್ಯ ಕಾನೂನು ತಂದಿದೆ, ಹತ್ತು ವರ್ಷದವರೆಗೆ ಜೈಲು ಇದೆ. ಹೆದರಿ ಊರು ಬಿಡುವ ಮುಂಚೆ ಪೊಲೀಸರ ಹತ್ತಿರ ಹೋಗಿ.

ಇನ್ನೊಂದು ನನ್ನ ಮೇಜಿನ ಮುಂದೆಯೇ ಪ್ರತಿ ವರ್ಷ ನಡೆಯುತ್ತದೆ. ಸೊಸೈಟಿಯ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲದ್ದು, ಬಿತ್ತನೆಗೆಂದು ಕೊಟ್ಟದ್ದು. ಅದನ್ನು ಮನೆಗೆ ಹಾಕುತ್ತಾರೆ. ಸುಗ್ಗಿ ಕೈಕೊಡುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ ಗಂಗಾವತಿ, ಸಿಂಧನೂರು ಕಡೆಯ ಭತ್ತದವರ ಮುಖ ನೀವೂ ನೋಡಿರಬಹುದು. ನೀರಾವರಿಯ ಸುಗ್ಗಿಯೂ ಗ್ಯಾರಂಟಿಯಲ್ಲ, ನಮ್ಮ ಎರಿಯದಂತೂ ಮೊದಲೇ ಅಲ್ಲ. ಆಗ ಗಡುವಿನೊಳಗೆ ಸಾಲ ನವೀಕರಿಸಲು ಹತ್ತು ದಿನಕ್ಕೆಂದು ನೂರಕ್ಕೆ ಮೂರರಂತೆ ಕೈಸಾಲ ತರುತ್ತಾರೆ. ಆ ಹತ್ತು ದಿನ ಹತ್ತು ತಿಂಗಳಾಗುತ್ತದೆ. ಪುಸ್ತಕದಲ್ಲಿ ಅವರ ಸಾಲ ಸರಿಯಾಗಿಯೇ ಕಾಣುತ್ತದೆ. ಮುಖ ನೋಡಿದರೆ ಗೊತ್ತಾಗುತ್ತದೆ.

ಮೇ ತಿಂಗಳ ಕೊನೆಗೆ ಮೂರು ಅಂಕಣಕ್ಕೆ ಕಬ್ಬಿಣದ ಗರ್ಡರ್ ಏರಿತು. ಗೌಂಡಿ ಕಾಕಾ ಮುರಿದ ತೊಲೆಯ ಗಟ್ಟಿ ತುದಿಯನ್ನು ಕೊಯ್ದು ಅಡುಗೆಮನೆಗೆ ಹೊಸ್ತಿಲು ಮಾಡಿಕೊಟ್ಟರು, ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಅವ್ವ ಅದಕ್ಕೆ ಅರಿಷಿಣ ಬಳಿದು ಒಳಗೆ ಹೋದಳು. ಹಣ್ಣಾದ ಎರಡು ಅಂಕಣದ ಕೆಳಗೆ ಬಾಡಿಗೆಯ ಕಂಬಗಳು ಇನ್ನೂ ನಿಂತಿವೆ. ಬಂಗಾರದ ಸಾಲಕ್ಕೆ ಏಳು ಕಂತು ಬಾಕಿ, ಸಂಘಕ್ಕೆ ಹದಿನೆಂಟು. ಅಕ್ಕನ ಚೀಟಿ ಯುಗಾದಿಯ ಆಚೀಚೆ ಎತ್ತಲು ಬರುತ್ತದೆ. ಮುಯ್ಯಾಳಿನ ಪಟ್ಟಿಯಲ್ಲಿ ಹನ್ನೆರಡರಲ್ಲಿ ಒಂಬತ್ತು ಹೆಸರಿಗೆ ಗೀಟು ಬಿದ್ದಿದೆ. ಬರುವ ಸೋಮವಾರ ಕೆಳಗಿನ ಓಣಿಯ ಒಬ್ಬರ ಮಾಳಿಗೆಯ ಮಣ್ಣು ಇಳಿಸಲು ನಾನೂ ತಮ್ಮನೂ ಹೋಗಬೇಕು.